ನರಶಾಸ್ತ್ರಕೋವಿದ ರಮೋನ್ ಇ ಕಹಾಲ್

ಮನುಷ್ಯನು ನೋಡುವುದು, ಕೇಳುವುದು, ನಡೆಯುವುದು, ನೆನೆಯುವುದು ಇವೆಲ್ಲವೂ ಮೆದುಳು, ಬೆನ್ನುಹುರಿ ಮತ್ತು ದೇಹವನ್ನೆಲ್ಲ ವ್ಯಾಪಿಸಿರುವ ನರಗಳ ಮೂಲಕ ನಡೆಯತಕ್ಕ ವ್ಯಾಪಾರಗಳೆಂಬುದು ಇಂದು ಶಾಲೆಯ ಬಾಲಕರಿಗೂ ತಿಳಿದ ಮಾತಾಗಿದೆ. ಆದರೆ ಆ ನರಮಂಡಲದ ಒಳಗಿನ ಕಟ್ಟಡವು ಎಂಥದು, ಅದು ಎಲ್ಲಿಯೂ ಕಡಿಯದೆ ಒಂದಕ್ಕೊಂದು ಬೆಸೆದುಕೊಂಡ ಒಂದೇ ಬಲೆಯೋ, ಅಥವಾ ಬೇರೆ ಬೇರೆಯಾಗಿ ನಿಂತ ಅಸಂಖ್ಯಾತ ಕೋಶಗಳ ಸಮುದಾಯವೋ ಎಂಬುದು 19ನೆಯ ಶತಮಾನದ ಕೊನೆಯವರೆಗೂ ಪಂಡಿತರಿಗೆ ಬಗೆಹರಿಯದ ಒಗಟಾಗಿದ್ದಿತು. ಆ ಒಗಟನ್ನು ಬಿಡಿಸಿದವನು ಸ್ಪೇನ್ ದೇಶದ ಸಾಂಟಿಯಾಗೋ ರಮೋನ್ ಇ ಕಹಾಲ್ ಎಂಬ ಮಹನೀಯನು. ಆತನಿಗೆ ದೊಡ್ಡ ಪ್ರಯೋಗಶಾಲೆಯ ಆಶ್ರಯವಿರಲಿಲ್ಲ, ರಾಜಾಶ್ರಯವೂ ಇರಲಿಲ್ಲ. ಬೆಳ್ಳಿಯ ಒಂದು ಲವಣ, ಇನ್ನೂ ಪೂರ್ಣವಾಗಿ ಬೆಳೆಯದ ಪ್ರಾಣಿಭ್ರೂಣಗಳ ನರಭಾಗ, ಒಂದು ಸೂಕ್ಷ್ಮದರ್ಶಕ, ಚಿತ್ರ ಬರೆಯಬಲ್ಲ ಒಂದು ಕೈ, ಇಷ್ಟೇ ಆತನ ಸಾಧನಸಂಪತ್ತು. ಇಷ್ಟರಿಂದಲೇ ಆತನು ಸಾಧಿಸಿದುದೇನೆಂಬುದನ್ನು ವಾಚಕರ ಮುಂದೆ ಸಂಕ್ಷೇಪವಾಗಿ ಇಡಲು ಇಲ್ಲಿ ಪ್ರಯತ್ನಿಸಲಾಗಿದೆ.

ಜನನ ಮತ್ತು ಬಾಲ್ಯ

ಕಹಾಲನು ಕ್ರಿ. ಶ. 1852ನೆಯ ಇಸವಿ ಮೇ ತಿಂಗಳ 1ನೆಯ ದಿನ ಉತ್ತರ ಸ್ಪೇನಿನ ಪೆತಿಯಾ ದೆ ಅರಗೋನ್ ಎಂಬ ಬಡ ಗುಡ್ಡಗಾಡು ಹಳ್ಳಿಯಲ್ಲಿ ಜನಿಸಿದನು. ತಂದೆಯ ಹೆಸರು ಹುಸ್ತೋ ರಮೋನ್. ತಾಯಿಯ ಹೆಸರು ಅಂತೋನಿಯಾ ಕಹಾಲ್. ಆ ದೇಶದ ಪದ್ಧತಿಯಂತೆ ಮಗನ ಹೆಸರಿನಲ್ಲಿ ತಂದೆಯ ಮನೆತನವೂ ತಾಯಿಯ ಮನೆತನವೂ ಕೂಡಿಬಂದವು. ತಂದೆಯು ಬಡತನದಲ್ಲಿ ಹುಟ್ಟಿ, ಕ್ಷೌರಿಕವೈದ್ಯನೊಬ್ಬನ ಕೈಕೆಳಗೆ ದುಡಿದು, ಬಾರ್ಸೆಲೋನಾ ನಗರಕ್ಕೆ ಕಾಲ್ನಡಿಗೆಯಲ್ಲಿ ಹೋಗಿ ಓದಿ, ಸ್ವಪ್ರಯತ್ನದಿಂದಲೇ ಶಸ್ತ್ರವೈದ್ಯನಾದವನು. ಅಂಥವನಿಗೆ ಕಾಲಹರಣವೆಂದರೆ ಸಹಿಸದು. ಮಗನಿಗಾದರೋ ಓದಿನಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಕಾಗದ ಸಿಕ್ಕರೆ ಕಾಗದದ ಮೇಲೆ, ಇಲ್ಲದಿದ್ದರೆ ಗೋಡೆಯ ಮೇಲೆ ಚಿತ್ರ ಬರೆಯುವುದೊಂದೇ ಆತನ ಹುಚ್ಚು. ತಂದೆಯು ಈ ಚಿತ್ರಕಲೆಯನ್ನು ಹೊಟ್ಟೆಗೆ ಹಾಕದ ವಿದ್ಯೆಯೆಂದು ನಿಷೇಧಿಸಿದನು. ಬಾಲಕನ ತುಂಟತನಕ್ಕೂ ಮಿತಿಯಿರಲಿಲ್ಲ. ಹನ್ನೊಂದು ವರ್ಷದ ಹುಡುಗನಾಗಿದ್ದಾಗ ತಾನೇ ಒಂದು ಫಿರಂಗಿಯನ್ನು ಮಾಡಿ ನೆರೆಯವರ ಬಾಗಿಲನ್ನು ಒಡೆದು, ಅದರ ಫಲವಾಗಿ ಕೆಲವು ದಿನ ಸೆರೆಮನೆಯನ್ನೂ ಕಂಡನು. ಶಾಲೆಯಲ್ಲಿ ಶಿಕ್ಷೆಯ ಮೇಲೆ ಶಿಕ್ಷೆಯಾದರೂ ಗುಣ ಕಾಣದಿರಲು, ತಂದೆಯು ಆತನನ್ನು ಕ್ಷೌರಿಕನ ಬಳಿಯಲ್ಲಿಯೂ ಚಮ್ಮಾರನ ಬಳಿಯಲ್ಲಿಯೂ ಕೆಲಸ ಕಲಿಯಲು ಇಟ್ಟನು. ಕಸಬಿನ ಶಿಸ್ತು ಕೈಗೆ ಬಂದಿತು. ಚಿತ್ರದ ಹುಚ್ಚು ಮಾತ್ರ ಬಿಡಲಿಲ್ಲ.

ತಂದೆಮಕ್ಕಳ ಈ ಕಲಹವು ಸಂಧಿಯಾದ ಬಗೆಯು ವಿಚಿತ್ರವಾದುದು. 1868ನೆಯ ಇಸವಿಯ ಬೇಸಿಗೆಯಲ್ಲಿ ತಂದೆಯು ಮಗನಿಗೆ ಅಸ್ಥಿಶಾಸ್ತ್ರವನ್ನು ಕಲಿಸಬೇಕೆಂದು ನಿಶ್ಚಯಿಸಿ, ಹಳೆಯ ಸ್ಮಶಾನಗಳಿಗೆ ಕರೆದುಕೊಂಡು ಹೋಗಿ, ಅಲ್ಲಿ ಬಯಲಾಗಿ ಬಿದ್ದಿದ್ದ ಎಲುಬುಗಳನ್ನು ಆಯ್ದು ತಂದನು. ಮಗನು ಅವುಗಳನ್ನು ಒಂದೊಂದಾಗಿ ನೋಡಿ ಚಿತ್ರ ಬರೆಯತೊಡಗಿದನು. ಬರೆದಂತೆಲ್ಲ ಅವುಗಳ ಉಬ್ಬು ತಗ್ಗು, ಕೀಲು ಸಂದು ಎಲ್ಲವೂ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತವು. ತಾನು ಬೇಡವೆಂದ ವಿದ್ಯೆಯೇ ತಾನು ಬೇಕೆಂದ ವಿದ್ಯೆಗೆ ಕೀಲಿಕೈಯಾದುದನ್ನು ತಂದೆಯು ಕಣ್ಣಾರೆ ಕಂಡನು. ಮಗನ ಮುಂದಿನ ಬಾಳಿನ ದಾರಿಯು ಅಂದೇ ತೆರೆಯಿತೆಂದು ಹೇಳಬಹುದು.

ವೈದ್ಯವಿದ್ಯೆ ಮತ್ತು ಸೇನಾಸೇವೆ

ಕಹಾಲನು 1873ರಲ್ಲಿ ಸಾರಾಗೋಸಾ ನಗರದಲ್ಲಿ ವೈದ್ಯಪದವಿಯನ್ನು ಪಡೆದನು. ಕೂಡಲೇ ಸೇನೆಗೆ ಸೇರಬೇಕಾಗಿ ಬಂದು, 1874ರಲ್ಲಿ ಸೇನಾವೈದ್ಯನಾಗಿ ಕ್ಯೂಬಾ ದ್ವೀಪಕ್ಕೆ ಹೋದನು. ಅಲ್ಲಿಯ ಜೌಗುನೆಲದಲ್ಲಿ ರೋಗಿಗಳ ಶುಶ್ರೂಷೆ ಮಾಡುತ್ತ ತಾನೇ ಮಲೇರಿಯಾ ಜ್ವರಕ್ಕೂ ಆಮಶಂಕೆಗೂ ತುತ್ತಾಗಿ, ಮರುವರ್ಷ ಎಲುಬುಗೂಡಾಗಿ ಸ್ವದೇಶಕ್ಕೆ ಹಿಂದಿರುಗಿದನು. 1878ರಲ್ಲಿ ಎದೆಯಿಂದ ರಕ್ತ ಬೀಳತೊಡಗಿತು, ಕ್ಷಯರೋಗವೆಂದು ಗೊತ್ತಾಯಿತು. ಬದುಕುವ ಆಸೆಯನ್ನೇ ತೊರೆದಿದ್ದ ಆ ತರುಣನು ಬೆಟ್ಟದ ಊರುಗಳ ಗಾಳಿಯಲ್ಲಿ ವಿಶ್ರಾಂತಿ ಪಡೆದು ನಿಧಾನವಾಗಿ ಚೇತರಿಸಿಕೊಂಡನು. ಮರುವರ್ಷ ಸಿಲ್ವೇರಿಯಾ ಎಂಬ ಕನ್ಯೆಯನ್ನು ವಿವಾಹವಾದನು. ಮನೆಯ ಭಾರವನ್ನೆಲ್ಲ ತಾನು ಹೊತ್ತು, ಗಂಡನ ಅಲ್ಪವರಮಾನದಲ್ಲಿ ಗಾಜು, ಔಷಧ, ಮುದ್ರಣಗಳ ವೆಚ್ಚಕ್ಕೂ ಹಣ ಉಳಿಯುವಂತೆ ಸಂಸಾರವನ್ನು ತೂಗಿಸಿದ ಆ ಸಾಧ್ವಿಯ ಪಾಲು ಈ ಚರಿತ್ರೆಯಲ್ಲಿ ಸಣ್ಣದಲ್ಲ. ಆ ದಂಪತಿಗಳಿಗೆ ಏಳು ಮಂದಿ ಮಕ್ಕಳಾದರು.

ಸೂಕ್ಷ್ಮದರ್ಶಕದ ಸಂಗವು ಇದಕ್ಕೆ ಮೊದಲೇ ಆರಂಭವಾಗಿದ್ದಿತು. 1877ರಲ್ಲಿ ಮೇಲಿನ ಪದವಿಯ ಪರೀಕ್ಷೆಗೆಂದು ಮ್ಯಾಡ್ರಿಡ್ ನಗರಕ್ಕೆ ಹೋದಾಗ, ಅಲ್ಲಿಯ ಅಧ್ಯಾಪಕನೊಬ್ಬನು ತೋರಿಸಿದ ಅಂಗಾಂಶಗಳ ಸೂಕ್ಷ್ಮರೂಪವನ್ನು ಕಂಡು ಆತನು ಬೆರಗಾದನು. ಊರಿಗೆ ಬಂದು, ಸೇನಾಸೇವೆಯಲ್ಲಿ ಉಳಿಸಿದ್ದ ಹಣದಿಂದ ಒಂದು ಸೂಕ್ಷ್ಮದರ್ಶಕವನ್ನು ಕಂತಿನ ಮೇಲೆ ಕೊಂಡು, ಮನೆಯ ಮೂಲೆಯಲ್ಲಿಯೇ ಪ್ರಯೋಗಶಾಲೆಯನ್ನು ಹೂಡಿದನು. ಮುಂದೆ ವಲೆನ್ಸಿಯಾ ನಗರದಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕನಾದನು. 1885ರಲ್ಲಿ ಅಲ್ಲಿ ಕಾಲರಾ ಮಾರಿಯು ಹಬ್ಬಿದಾಗ ಆತನು ಆ ರೋಗದ ವಿಷಯವಾಗಿ ಮಾಡಿದ ಶೋಧನೆಗೆ ಮೆಚ್ಚಿ ಸಾರಾಗೋಸಾ ಪ್ರಾಂತದ ಆಡಳಿತದವರು ಜರ್ಮನಿಯ ಝೈಸ್ ಕಂಪನಿಯ ಉತ್ತಮ ಸೂಕ್ಷ್ಮದರ್ಶಕವೊಂದನ್ನು ಬಹುಮಾನವಾಗಿ ಕೊಟ್ಟರು. ಕೈಯಲ್ಲಿ ಒಳ್ಳೆಯ ಆಯುಧವಿದ್ದಿತು. ಆದರೆ ಅದರಿಂದ ಯಾವುದನ್ನು ಭೇದಿಸಬೇಕೆಂಬುದು ಇನ್ನೂ ಗೊತ್ತಾಗಿರಲಿಲ್ಲ.

ಗೋಲ್ಜಿಯ ಕಪ್ಪು ವಿಧಾನ

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ, ಇಟಲಿ ದೇಶದ ಕಾಮಿಲ್ಲೊ ಗೋಲ್ಜಿ ಎಂಬ ಮತ್ತೊಬ್ಬ ಪಂಡಿತನ ಕಾರ್ಯವನ್ನು ಹೇಳಬೇಕಾಗಿದೆ. ಮೆದುಳಿನ ಒಂದು ತೆಳುವಾದ ಪದರನ್ನು ಹಾಗೆಯೇ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಏನೂ ಕಾಣದು. ಎಲ್ಲವೂ ಒಂದೇ ಬಣ್ಣದ ಮಂಜಿನಂತಿರುತ್ತದೆ. ಸಾಮಾನ್ಯವಾದ ಬಣ್ಣಗಳನ್ನು ಏರಿಸಿದರೆ ಎಲ್ಲ ಕೋಶಗಳೂ ಒಮ್ಮೆಗೇ ಬಣ್ಣ ಹೀರಿ, ಕಿಕ್ಕಿರಿದ ಜಾತ್ರೆಯಲ್ಲಿ ಒಬ್ಬನ ಮುಖವೂ ತಿಳಿಯದಂತೆ ಗಜಿಬಿಜಿಯಾಗುತ್ತದೆ. ಕೋಶದ ಒಡಲು ಕಂಡರೂ ಅದರಿಂದ ಹೊರಟ ಎಳೆಗಳು ಎಲ್ಲಿಗೆ ಹೋದುವೆಂಬುದು ಕಾಣುತ್ತಿರಲಿಲ್ಲ. ಗೋಲ್ಜಿಯು ಅಬ್ಬಿಯಾತೆಗ್ರಾಸ್ಸೊ ಎಂಬ ಊರಿನಲ್ಲಿ ದೀರ್ಘರೋಗಿಗಳ ಆಸ್ಪತ್ರೆಯ ವೈದ್ಯನಾಗಿದ್ದು, ಅಲ್ಲಿಯ ಅಡುಗೆಯ ಕೋಣೆಯೊಂದನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡು ಶೋಧನೆ ನಡೆಸುತ್ತಿದ್ದನು. ಆತನು 1873ರಲ್ಲಿ ಒಂದು ಹೊಸ ವಿಧಾನವನ್ನು ಪ್ರಕಟಿಸಿದನು. ನರಭಾಗದ ಚಿಕ್ಕ ತುಂಡನ್ನು ಮೊದಲು ಪೊಟಾಸಿಯಂ ಡೈಕ್ರೋಮೇಟ್ ದ್ರವದಲ್ಲಿ ನೆನೆಯಿಟ್ಟು ಗಟ್ಟಿಗೊಳಿಸುವುದು. ತರುವಾಯ ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣದ ದ್ರವದಲ್ಲಿ ಅದ್ದಿಡುವುದು. ಇವೆರಡೂ ಕೂಡಿದಾಗ ಸಿಲ್ವರ್ ಕ್ರೋಮೇಟ್ ಎಂಬ ಕಣಗಳು ಕೆಲವು ಕೋಶಗಳ ಒಳಗೆ ತುಂಬಿಕೊಳ್ಳುತ್ತವೆ. ಆಗ ಹಳದಿಯ ಹಿನ್ನೆಲೆಯ ಮೇಲೆ ಆ ಕೋಶಗಳು ಮಾತ್ರ ತಮ್ಮ ಒಡಲು, ಕೊಂಬೆ, ಬಾಲಗಳೊಡನೆ ಮಸಿಯಲ್ಲಿ ಬರೆದಂತೆ ಕಪ್ಪಾಗಿ ಎದ್ದು ಕಾಣುತ್ತವೆ. ನೂರರಲ್ಲಿ ಕೆಲವೇ ಕೋಶಗಳು ಹೀಗೆ ಬೆಳ್ಳಿಯನ್ನು ಹಿಡಿಯುವುದೂ ಮಿಕ್ಕವು ಬಿಡುವುದೂ ಈ ವಿಧಾನದ ವೈಶಿಷ್ಟ್ಯ. ಇದಕ್ಕೆ ಕಾರಣವು ಇಂದಿಗೂ ಪೂರ್ಣವಾಗಿ ತಿಳಿದಿಲ್ಲ. ಆದರೆ ಗುಂಪಿನಲ್ಲಿ ಒಬ್ಬನನ್ನು ಬೇರೆಯಾಗಿ ನಿಲ್ಲಿಸಿ ನೋಡುವಂತಾದುದು ಈ ಪಕ್ಷಪಾತದ ದೆಸೆಯಿಂದಲೇ.

ಇಷ್ಟಾದರೂ ಈ ವಿಧಾನವು ಹದಿನಾಲ್ಕು ವರ್ಷ ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. ಒಮ್ಮೆ ಫಲಿಸಿದುದು ಮತ್ತೊಮ್ಮೆ ಫಲಿಸುತ್ತಿರಲಿಲ್ಲ. ಗೋಲ್ಜಿಯಾದರೋ ತನ್ನ ವಿಧಾನದಿಂದ ಅನೇಕ ಹೊಸ ಸಂಗತಿಗಳನ್ನು ಕಂಡರೂ, ನರಕೋಶಗಳಿಂದ ಹೊರಟ ಎಳೆಗಳು ಕೊನೆಯಲ್ಲಿ ಕವಲೊಡೆದು ಒಂದಕ್ಕೊಂದು ಬೆರೆತು ಅಖಂಡವಾದ ಬಲೆಯಾಗುತ್ತವೆಂದೇ ನಂಬಿದನು. ಜರ್ಮನಿಯ ಗೆರ್ಲಾಖ್ ಮೊದಲಾದವರು ಬೇರೊಂದು ರೀತಿಯಲ್ಲಿ ಅದೇ ಬಲೆಯ ವಾದವನ್ನು ಹಿಡಿದಿದ್ದರು. ಹಿಸ್ ಮತ್ತು ಫೊರೆಲ್ ಎಂಬ ಇಬ್ಬರು ಪಂಡಿತರು 1887ರ ಸುಮಾರಿಗೆ ಕೋಶಗಳು ಸ್ವತಂತ್ರವಾಗಿರಬೇಕೆಂದು ಊಹಿಸಿದ್ದರು. ಆದರೆ ಕಣ್ಣಿಗೆ ತೋರಿಸಿ ಸಾಧಿಸಿದವರು ಯಾರೂ ಇರಲಿಲ್ಲ.

ಹಾಸಿನಲ್ಲಿ ಎಳೆಯನ್ನು ಕಂಡುದು

1887ರಲ್ಲಿ ಕಹಾಲನು ಮ್ಯಾಡ್ರಿಡ್ ನಗರಕ್ಕೆ ಹೋಗಿದ್ದಾಗ, ಪ್ಯಾರಿಸ್‌ನಿಂದ ಬಂದಿದ್ದ ಲೂಯಿಸ್ ಸಿಮಾರ್ರೊ ಎಂಬ ವೈದ್ಯನ ಮನೆಯಲ್ಲಿ ಗೋಲ್ಜಿಯ ವಿಧಾನದಿಂದ ಬಣ್ಣಗೊಳಿಸಿದ ಮೆದುಳಿನ ಪದರೊಂದನ್ನು ನೋಡಿದನು. ಒಂದೇ ನೋಟದಲ್ಲಿ ತನ್ನ ಜನ್ಮದ ಕೆಲಸವು ಯಾವುದೆಂಬುದು ಆತನಿಗೆ ತಿಳಿಯಿತು. ಅದೇ ವರ್ಷ ಬಾರ್ಸೆಲೋನಾ ವಿಶ್ವವಿದ್ಯಾನಿಲಯಕ್ಕೆ ಬಂದು ನೆಲಸಿ, ಹಗಲಿರುಳೂ ಆ ವಿಧಾನದ ಬೆನ್ನುಹತ್ತಿದನು. ಅದುವರೆಗೆ ಆತನಿಗೆ ಚದುರಂಗದ ವ್ಯಸನವು ಬಲವಾಗಿದ್ದಿತು. ಅದನ್ನೂ ಕಡಿದು ಹಾಕಿದನು.

ಕಹಾಲನು ಮಾಡಿದ ಸುಧಾರಣೆಗಳು ಎರಡು. ಮೊದಲನೆಯದು, ಬೆಳ್ಳಿಯ ಸ್ನಾನವನ್ನು ಒಮ್ಮೆ ಮುಗಿಸಿ ನಿಲ್ಲಿಸದೆ, ಆ ತುಂಡನ್ನು ಪುನಃ ಡೈಕ್ರೋಮೇಟ್ ಮತ್ತು ಆಸ್ಮಿಕ್ ಆಮ್ಲ ಕೂಡಿದ ದ್ರವಕ್ಕೆ ಹಾಕಿ, ಮತ್ತೊಮ್ಮೆ ಬೆಳ್ಳಿಯಲ್ಲಿ ಅದ್ದುವುದು. ಇದರಿಂದ ಹಿಂದೆ ಅರೆಬರೆಯಾಗಿ ಹಿಡಿಯುತ್ತಿದ್ದ ಕಪ್ಪು ತುದಿಯವರೆಗೂ ಏರತೊಡಗಿತು. ಎರಡನೆಯದು ಇನ್ನೂ ಮುಖ್ಯವಾದುದು. ಬೆಳೆದ ಪ್ರಾಣಿಯ ನರತಂತುವಿನ ಸುತ್ತ ಮಯೆಲಿನ್ ಎಂಬ ಕೊಬ್ಬಿನ ಹೊದಿಕೆಯಿರುತ್ತದೆ. ಬೆಳ್ಳಿಯು ಈ ಹೊದಿಕೆಯನ್ನು ದಾಟಲಾರದು. ಆದಕಾರಣ ಬಣ್ಣವು ಸ್ವಲ್ಪ ದೂರ ಹೋಗಿ ನಿಂತುಬಿಡುತ್ತಿದ್ದಿತು. ಎಳೆಯ ಕೊನೆಯು ಎಲ್ಲಿಯೆಂಬುದು ಕಾಣದೆ, ನೋಡುವವನು ತನ್ನ ಕಲ್ಪನೆಯಿಂದ ಅದನ್ನು ಬೇರೊಂದಕ್ಕೆ ಜೋಡಿಸಿಬಿಡುತ್ತಿದ್ದನು. ಹೊದಿಕೆಯು ಇನ್ನೂ ಹುಟ್ಟದ ಭ್ರೂಣದಲ್ಲಿ, ಅಥವಾ ಆಗತಾನೆ ಹುಟ್ಟಿದ ಮರಿಯಲ್ಲಿ ಈ ಅಡ್ಡಿಯಿಲ್ಲ. ಅಲ್ಲಿ ಕೋಶಗಳು ಚಿಕ್ಕವು, ಎಳೆಗಳು ಗಿಡ್ಡವು, ಒಂದೇ ಪದರಿನಲ್ಲಿ ಕೋಶದ ತಲೆಯಿಂದ ಬಾಲದವರೆಗೂ ಕಾಣುವ ಸಂಭವವುಂಟು. ಬಟ್ಟೆಯನ್ನು ನೇಯ್ದು ಗಂಜಿ ಹಾಕಿ ಮಡಿಸಿಟ್ಟ ಮೇಲೆ ಒಂದು ಎಳೆಯನ್ನು ಹುಡುಕುವುದು ಕಷ್ಟ. ಮಗ್ಗದ ಮೇಲೆ ಹಾಸು ಹೂಡುವಾಗ ನೋಡಿದರೆ ಒಂದೊಂದು ಎಳೆಯೂ ಬೇರೆ ಬೇರೆಯಾಗಿ ಕಾಣುತ್ತದೆ. ಕಹಾಲನು ಮಾಡಿದುದೂ ಇದನ್ನೇ. ಗೋಲ್ಜಿಗೂ ಇತರರಿಗೂ ಭ್ರೂಣದ ಅಂಗಾಂಶವು ಅಪರಿಚಿತವಾಗಿರಲಿಲ್ಲ. ಆದರೆ ಅದನ್ನೇ ಮುಖ್ಯ ಮಾರ್ಗವನ್ನಾಗಿ ಹಿಡಿದು ಕೊನೆಯವರೆಗೂ ನಡೆದವನು ಕಹಾಲನು.

ಈ ಕೆಲಸದಲ್ಲಿ ಹದವೇ ಸರ್ವಸ್ವವು. ಮರಿಯ ವಯಸ್ಸಿಗೆ ತಕ್ಕಂತೆ ಗಟ್ಟಿಗೊಳಿಸುವ ಕಾಲವೂ ಬೇರೆ. ಆಸರೆಯ ಕೋಶಗಳನ್ನು ಕಾಣಬೇಕಾದರೆ ಕಡಮೆ ಕಾಲ, ನರಕೋಶಗಳಿಗೆ ಅದಕ್ಕಿಂತ ಹೆಚ್ಚು, ನರತಂತುಗಳಿಗೆ ಇನ್ನೂ ಹೆಚ್ಚು. ಕಾಲ ಕಡಮೆಯಾದರೆ ಎಲ್ಲ ಕಡೆಯಲ್ಲಿಯೂ ಕೆಸರಿನಂತೆ ಕಪ್ಪು ಕೂಡುವುದು. ಹೆಚ್ಚಾದರೆ ಏನೂ ಹಿಡಿಯದು. ಗಟ್ಟಿಯಾದ ತುಂಡನ್ನು ಕ್ಷೌರದ ಕತ್ತಿಯಂಥ ಅಲಗಿನಿಂದ ಕೈಯಲ್ಲಿಯೇ ದಪ್ಪ ಪದರುಗಳಾಗಿ ಕೊಯ್ದು, ಗಾಜಿನ ಮೇಲೆ ರಾಳದಲ್ಲಿ ಕೂಡಿಸಿ, ನೋಡಬೇಕು. ನೋಡಿದುದನ್ನು ಚಿತ್ರಿಸಬೇಕು. ಬಾಲ್ಯದಲ್ಲಿ ಕ್ಷೌರಿಕನ ಬಳಿಯಲ್ಲಿ ಪಳಗಿದ ಕೈಯೂ, ತಂದೆಯ ಕಣ್ಣು ತಪ್ಪಿಸಿ ಕಲಿತ ಚಿತ್ರಕಲೆಯೂ ಈಗ ಒಟ್ಟಿಗೆ ಕೆಲಸಕ್ಕೆ ಬಂದವು.

1888ನೆಯ ಇಸವಿಯ ಮೇ ತಿಂಗಳಲ್ಲಿ ಕಹಾಲನು ತನ್ನ ಸ್ವಂತ ವೆಚ್ಚದಿಂದ ಒಂದು ತ್ರೈಮಾಸಿಕ ಪತ್ರಿಕೆಯನ್ನು ಹೊರಡಿಸಿದನು. ಅಚ್ಚು ಹಾಕಿಸಿದುದು 60 ಪ್ರತಿಗಳು ಮಾತ್ರ. ಅವುಗಳಲ್ಲಿ ಬಹುಪಾಲನ್ನು ಪರದೇಶದ ಪಂಡಿತರಿಗೇ ಕಳುಹಿಸಿದನು. ಚಿತ್ರಗಳನ್ನೆಲ್ಲ ಬರೆದವನೂ ತಾನೇ. ಹಕ್ಕಿಗಳ ಚಿಕ್ಕಮೆದುಳನ್ನು ಕುರಿತು ಅದರಲ್ಲಿ ಪ್ರಕಟವಾದ ಲೇಖನವೇ ನರಶಾಸ್ತ್ರದ ಹೊಸ ಯುಗಕ್ಕೆ ನಾಂದಿಯಾಯಿತು. ಚಿಕ್ಕಮೆದುಳಿನ ಮೇಲ್ಪದರದ ಸಣ್ಣ ಕೋಶಗಳಿಂದ ಹೊರಟ ಎಳೆಗಳು ಕೆಳಗಿಳಿದು, ಪುರ್ಕಿನ್ಯೆ ಕೋಶಗಳೆಂಬ ದೊಡ್ಡ ಕೋಶಗಳ ಒಡಲನ್ನು ಬುಟ್ಟಿಯಂತೆ ಸುತ್ತುವರಿದು, ಅಲ್ಲಿಯೇ ಮುಗಿಯುತ್ತವೆ; ಒಳಗೆ ಸೇರಿ ಬೆರೆಯುವುದಿಲ್ಲ. ಎಷ್ಟು ಪದರುಗಳನ್ನು ನೋಡಿದರೂ ಒಂದು ಕೋಶದ ಎಳೆಯು ಮತ್ತೊಂದರೊಡನೆ ಬೆಸೆದುಕೊಂಡುದು ಕಾಣಲಿಲ್ಲ. ಆದಕಾರಣ ಪ್ರತಿಯೊಂದು ನರಕೋಶವೂ ತನ್ನ ಎಲ್ಲೆಯೊಳಗೆ ಪೂರ್ಣವಾದ ಒಂದು ವ್ಯಕ್ತಿ. ಅವು ಒಂದನ್ನೊಂದು ಮುಟ್ಟುವಷ್ಟು ಸಮೀಪಿಸಿ ಸಂದೇಶವನ್ನು ದಾಟಿಸುತ್ತವೆಯೇ ಹೊರತು ಕರಗಿ ಒಂದಾಗುವುದಿಲ್ಲ ಎಂದು ಆತನು ನಿರ್ಣಯಿಸಿದನು. ಕಣ್ಣಿನ ಒಳಪೊರೆ, ಬೆನ್ನುಹುರಿ ಮೊದಲಾದ ಕಡೆಗಳಲ್ಲಿಯೂ ಇದೇ ನಿಯಮವು ತೋರಿಬಂದಿತು. ಸಂದೇಶವು ಕೊಂಬೆಗಳಿಂದ ಒಡಲಿಗೆ, ಒಡಲಿನಿಂದ ಉದ್ದವಾದ ಬಾಲದ ಎಳೆಗೆ, ಹೀಗೆ ಒಂದೇ ದಿಕ್ಕಿನಲ್ಲಿ ಹರಿಯುವುದೆಂಬ ತತ್ತ್ವವನ್ನೂ 1891ರ ಹೊತ್ತಿಗೆ ಆತನು ಪ್ರತಿಪಾದಿಸಿದನು.

ಬರ್ಲಿನ್ ಸಭೆ

ಪತ್ರಿಕೆಯನ್ನು ಕಳುಹಿಸಿದರೂ ಉತ್ತರ ಬರೆದವರು ವಿರಳ. ಸ್ಪ್ಯಾನಿಷ್ ಭಾಷೆಯನ್ನು ಬಲ್ಲ ವಿಜ್ಞಾನಿಗಳೇ ಅಂದು ಹೊರಗೆ ಅಪರೂಪ. ಆ ದೇಶದಿಂದ ಹೊಸ ವಿಜ್ಞಾನವು ಬಂದೀತೆಂಬ ನಂಬಿಕೆಯಂತೂ ಯಾರಿಗೂ ಇರಲಿಲ್ಲ. ಕಹಾಲನು ಕಾದು ಕುಳಿತುಕೊಳ್ಳಲಿಲ್ಲ. ಕೂಡಿಟ್ಟ ಹಣವನ್ನು ತೆಗೆದುಕೊಂಡು, ತನ್ನ ಗಾಜಿನ ಫಲಕಗಳನ್ನೂ ಸೂಕ್ಷ್ಮದರ್ಶಕವನ್ನೂ ಹೊತ್ತು, 1889ರ ಅಕ್ಟೋಬರ್ ತಿಂಗಳಲ್ಲಿ ಬರ್ಲಿನ್ ನಗರದಲ್ಲಿ ನೆರೆದ ಜರ್ಮನ್ ಅಂಗರಚನಾಶಾಸ್ತ್ರಜ್ಞರ ಸಭೆಗೆ ಹೋದನು. ಆಗ ಆತನಿಗೆ 37 ವರ್ಷ. ಆತನಿಗೆ ಬರುತ್ತಿದ್ದುದು ತಡವರಿಸುವ ಫ್ರೆಂಚ್ ಭಾಷೆ. ಮೇಜಿನ ಮೇಲೆ ಸೂಕ್ಷ್ಮದರ್ಶಕಗಳನ್ನು ಜೋಡಿಸಿ, ಬಂದವರನ್ನು ಕರೆಕರೆದು, ವಾದವನ್ನು ಬಿಟ್ಟು ವಸ್ತುವನ್ನೇ ತೋರಿಸತೊಡಗಿದನು. ಮೊದಲು ಅನುಮಾನದಿಂದ ಬಗ್ಗಿ ನೋಡಿದವರು ಏಳುವಾಗ ಬೇರೆ ಮುಖದಿಂದ ಎದ್ದರು. ಅವರಲ್ಲಿ ಕೋಲಿಕರ್ ಎಂಬ ವೃದ್ಧನು ಯೂರೋಪಿನ ಅಂಗಾಂಶಶಾಸ್ತ್ರಜ್ಞರಿಗೆಲ್ಲ ಹಿರಿಯನು; ಆಗ ಆತನಿಗೆ 72 ವರ್ಷ. ಆತನು ಬಲೆಯ ವಾದದ ಕಡೆಗಿದ್ದವನು. ಕಹಾಲನ ಫಲಕಗಳನ್ನು ನೋಡಿದ ಮೇಲೆ ತನ್ನ ಅಭಿಪ್ರಾಯವನ್ನು ಬಿಟ್ಟುಕೊಟ್ಟು, ಸ್ವತಃ ಆ ಪ್ರಯೋಗಗಳನ್ನು ಮಾಡಿ ನೋಡಿ, ಕಹಾಲನ ಗ್ರಂಥಗಳನ್ನು ಓದುವುದಕ್ಕೋಸ್ಕರ ಆ ವಯಸ್ಸಿನಲ್ಲಿ ಸ್ಪ್ಯಾನಿಷ್ ಭಾಷೆಯನ್ನು ಕಲಿತನು. ಕಂಡ ಸತ್ಯಕ್ಕೆ ತಲೆಬಾಗುವ ಹಿರಿತನವು ಇದಲ್ಲವೇ! 1891ರಲ್ಲಿ ವಾಲ್ಡೇಯರ್ ಎಂಬ ಜರ್ಮನ್ ಪಂಡಿತನು ಈ ಸ್ವತಂತ್ರ ಕೋಶಕ್ಕೆ ನ್ಯೂರಾನ್ ಎಂಬ ಹೆಸರನ್ನು ಕೊಟ್ಟನು. ಅದು ಲೋಕದಲ್ಲೆಲ್ಲ ರೂಢಿಯಾಯಿತು.

ಬರ್ಲಿನ್‌ನಿಂದ ಹಿಂದಿರುಗುವಾಗ ಕಹಾಲನು ಗೋಲ್ಜಿಯನ್ನು ಕಾಣಬೇಕೆಂದು ಇಟಲಿಯ ಪಾವಿಯಾ ನಗರಕ್ಕೆ ಹೋದನು. ಆ ದಿನ ಗೋಲ್ಜಿಯು ಊರಿನಲ್ಲಿರಲಿಲ್ಲ. ಅಂದು ತಪ್ಪಿದ ಭೇಟಿಯು ಮುಂದೆ ಹದಿನೇಳು ವರ್ಷ ಒದಗಲಿಲ್ಲ.

ಬೆಳೆಯುವ ತುದಿ

ನರಕೋಶವು ಸ್ವತಂತ್ರವೆಂದರೆ ಅದರ ಎಳೆಯು ದೂರದ ಗುರಿಯನ್ನು ಮುಟ್ಟುವುದು ಹೇಗೆ? ಬೆನ್ನುಹುರಿಯಲ್ಲಿರುವ ಕೋಶದ ಎಳೆಯು ಕಾಲಿನ ಸ್ನಾಯುವಿನವರೆಗೆ ಹೋಗಬೇಕಲ್ಲವೇ? ಎಳೆಯು ಹಲವು ಕೋಶಗಳು ಸಾಲಾಗಿ ನಿಂತು ಬೆಸೆದುಕೊಂಡುದರಿಂದ ಆಗುವುದೆಂದು ಕೆಲವರು ಹೇಳುತ್ತಿದ್ದರು. 1890ರಲ್ಲಿ ಕಹಾಲನು ಇದಕ್ಕೂ ಉತ್ತರವನ್ನು ಕೋಳಿಯ ಭ್ರೂಣದಲ್ಲಿಯೇ ಕಂಡನು. ಕೋಳಿಯ ಮೊಟ್ಟೆಯು ಮರಿಯಾಗಲು 21 ದಿನ ಬೇಕು. ಅದರಲ್ಲಿ ಮೂರು ನಾಲ್ಕನೆಯ ದಿನದ ಭ್ರೂಣದ ಬೆನ್ನುಹುರಿಗೆ ಬೆಳ್ಳಿಯ ಬಣ್ಣವನ್ನು ಹಿಡಿಸಿ ನೋಡಿದಾಗ, ಕೋಶದಿಂದ ಹೊರಟು ಇನ್ನೂ ಪ್ರಯಾಣದಲ್ಲಿರುವ ಎಳೆಗಳು ಕಂಡವು. ಪ್ರತಿಯೊಂದರ ತುದಿಯಲ್ಲಿಯೂ ಶಂಕುವಿನಂತೆ ಉಬ್ಬಿದ ಒಂದು ಭಾಗವೂ, ಅದರಿಂದ ಚಾಚಿದ ಅತಿ ಸಣ್ಣ ಬೆರಳುಗಳೂ ಇದ್ದವು. ಸೋರೆಬಳ್ಳಿಯ ಕುಡಿಯು ಚಪ್ಪರವನ್ನು ತಡವುತ್ತ ಮುಂದುವರಿಯುವಂತೆ, ಈ ತುದಿಯು ದಾರಿಯನ್ನು ಅರಸುತ್ತ ಅಂಗಾಂಶಗಳ ನಡುವೆ ನುಗ್ಗಿಹೋಗುವುದೆಂದು ಕಹಾಲನು ಅರ್ಥಮಾಡಿದನು. ಇದಕ್ಕೆ ಬೆಳವಣಿಗೆಯ ಶಂಕುವೆಂದು ಹೆಸರಾಯಿತು. ಆತನು ನೋಡಿದುದು ಚಲಿಸದ, ಬಣ್ಣ ಹಿಡಿದು ನಿಂತ ವಸ್ತುವನ್ನು. ಆದರೆ ಅದರಲ್ಲಿ ಚಲನೆಯನ್ನು ಊಹಿಸಿದನು. ಗುರಿಯಿಂದ ಹೊರಸೂಸುವ ಯಾವುದೋ ರಾಸಾಯನಿಕ ವಸ್ತುವು ಈ ತುದಿಯನ್ನು ಸೆಳೆಯುತ್ತಿರಬೇಕೆಂದೂ ಆತನು ಸೂಚಿಸಿದನು. 1907ರಲ್ಲಿ ಅಮೇರಿಕದ ರಾಸ್ ಹ್ಯಾರಿಸನ್ ಎಂಬ ವಿಜ್ಞಾನಿಯು ಕಪ್ಪೆಯ ಭ್ರೂಣದ ನರಭಾಗವನ್ನು ದೇಹದ ಹೊರಗೆ ಜೀವಂತವಾಗಿ ಇರಿಸಿ, ಎಳೆಯ ತುದಿಯು ಚಲಿಸುತ್ತ ಬೆಳೆಯುವುದನ್ನು ಕಣ್ಣಾರೆ ಕಂಡನು. ನರದ ತುದಿಯನ್ನು ಸೆಳೆಯುವ ಅಂಥ ವಸ್ತುಗಳೂ 20ನೆಯ ಶತಮಾನದ ಕೊನೆಯ ಭಾಗದಲ್ಲಿ ಕೈಗೆ ಸಿಕ್ಕವು.

ಎರಡನೆಯ ರಜತವಿಧಾನ

1892ರಲ್ಲಿ ಕಹಾಲನು ಮ್ಯಾಡ್ರಿಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದನು. 1894ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯವರು ಕ್ರೂನಿಯನ್ ಉಪನ್ಯಾಸಕ್ಕೆ ಆತನನ್ನು ಆಹ್ವಾನಿಸಿದರು. ನರಮಂಡಲದ ರಚನೆಯನ್ನು ಕುರಿತ ಆತನ ಮಹಾಗ್ರಂಥವು 1904ರಲ್ಲಿ ಸಮಾಪ್ತವಾಯಿತು. 1900ರಲ್ಲಿ ಪ್ಯಾರಿಸ್ ನಗರದ ಅಂತರರಾಷ್ಟ್ರೀಯ ವೈದ್ಯಸಮ್ಮೇಳನದಲ್ಲಿ ಆತನಿಗೆ ಬಹುಮಾನವು ದೊರೆತ ಮೇಲೆ ಸ್ಪೇನ್ ಸರ್ಕಾರವು ಎಚ್ಚೆತ್ತು, ಆತನಿಗಾಗಿ ಒಂದು ಪ್ರಯೋಗಶಾಲೆಯನ್ನು ಕಟ್ಟಿಕೊಟ್ಟಿತು. ಅದರ ಅಧ್ಯಕ್ಷನಿಗೆ ಗೊತ್ತುಮಾಡಿದ ವೇತನವು ಅತಿಯಾಯಿತೆಂದು ಆತನೇ ಬಿನ್ನವಿಸಿ ಕಡಮೆ ಮಾಡಿಸಿಕೊಂಡನು. ಮುಂದೆ ವಿದ್ಯಾಮಂತ್ರಿಯ ಪದವಿಯು ಬಾಗಿಲಿಗೆ ಬಂದಾಗಲೂ ಅದನ್ನು ಒಲ್ಲೆನೆಂದನು.

ಗೋಲ್ಜಿಯ ವಿಧಾನವು ಕೋಶದ ಹೊರರೂಪವನ್ನು ತೋರಿಸುವುದೇ ಹೊರತು ಅದರ ಒಳಗಿನ ಹುರಿಗಳನ್ನು ತೋರಿಸದು. ಅಲ್ಲದೆ ಅದು ಇಷ್ಟ ಬಂದ ಕೋಶವನ್ನು ಹಿಡಿಯುವುದು, ಇಲ್ಲದಿದ್ದರೆ ಬಿಡುವುದು. 1903ರಲ್ಲಿ ಕಹಾಲನು ಬೇರೊಂದು ರಜತವಿಧಾನವನ್ನು ಕಂಡುಹಿಡಿದನು. ಇದಕ್ಕೆ ನೆರವಾದುದು ಆತನ ಇನ್ನೊಂದು ಹವ್ಯಾಸವಾದ ಛಾಯಾಚಿತ್ರಣವು. ತರುಣನಾಗಿದ್ದಾಗಲೇ ಛಾಯಾಚಿತ್ರದ ಫಲಕಗಳನ್ನು ತಾನೇ ತಯಾರಿಸುತ್ತಿದ್ದವನು. ವರ್ಣಛಾಯಾಚಿತ್ರಣವನ್ನು ಕುರಿತು 1912ರಲ್ಲಿ ಒಂದು ಗ್ರಂಥವನ್ನೇ ಬರೆದವನು. ಛಾಯಾಚಿತ್ರದ ಫಲಕದಲ್ಲಿ ಬೆಳ್ಳಿಯ ಲವಣವು ಬೆಳಕನ್ನುಂಡು, ಪೈರೊಗ್ಯಾಲಿಕ್ ಆಮ್ಲದಂಥ ದ್ರವ್ಯದ ಸಂಪರ್ಕದಿಂದ ಕಪ್ಪಾದ ಲೋಹವಾಗಿ ಕೂಡುತ್ತದೆ. ಇದೇ ನ್ಯಾಯವನ್ನು ಆತನು ನರಕ್ಕೂ ಹಚ್ಚಿದನು. ನರಭಾಗದ ತುಂಡನ್ನು ಬೆಚ್ಚಗಿನ ಸಿಲ್ವರ್ ನೈಟ್ರೇಟ್ ದ್ರವದಲ್ಲಿ ಕೆಲವು ದಿನ ಇಟ್ಟು, ತರುವಾಯ ಪೈರೊಗ್ಯಾಲಿಕ್ ಆಮ್ಲದಲ್ಲಿ ಹಾಕಿದರೆ, ಕೋಶಗಳ ಒಳಗಿನ ಸೂಕ್ಷ್ಮವಾದ ಹುರಿಗಳೂ ಎಳೆಗಳೂ ಕಂದು ಕಪ್ಪುಬಣ್ಣದಲ್ಲಿ ತಪ್ಪದೆ ಮೂಡಿಬಂದವು. ಈ ವಿಧಾನವು ಭ್ರೂಣದ ಎಳೆಗಳನ್ನು ಇನ್ನೂ ಮೊದಲಿನಿಂದ, ಕೋಶವನ್ನು ಬಿಟ್ಟು ಹೊರಡುವ ಗಳಿಗೆಯಿಂದಲೇ ಹಿಂಬಾಲಿಸಲು ಅನುಕೂಲವಾಯಿತು. ಎಳೆಯು ಒಂದೇ ಕೋಶದಿಂದ ಹುಟ್ಟಿ ಬೆಳೆಯುವುದೆಂಬುದು ಹೀಗೆ ಇನ್ನೊಂದು ಸಾಕ್ಷಿಯಿಂದ ದೃಢವಾಯಿತು. ಕತ್ತರಿಸಿದ ನರವು ಮತ್ತೆ ಚಿಗುರುವ ಬಗೆಯನ್ನೂ ಆತನು ಇದೇ ವಿಧಾನದಿಂದ ಪರೀಕ್ಷಿಸಿದನು. 1913 ಮತ್ತು 1914ರಲ್ಲಿ ಹೊರಬಂದ ಆ ವಿಷಯದ ಗ್ರಂಥದ ವೆಚ್ಚವನ್ನು ಅರ್ಜೆಂಟೀನಾ ದೇಶದಲ್ಲಿ ನೆಲಸಿದ್ದ ಸ್ಪೇನಿನ ವೈದ್ಯರು ಕೂಡಿ ಭರಿಸಿದರು.

ಸ್ಟಾಕ್‌ಹೋಮ್ ನಗರದಲ್ಲಿ

1906ನೆಯ ಇಸವಿಯ ನೊಬೆಲ್ ಬಹುಮಾನವನ್ನು ವೈದ್ಯಶಾಸ್ತ್ರಕ್ಕಾಗಿ ಗೋಲ್ಜಿಗೂ ಕಹಾಲನಿಗೂ ಸಮನಾಗಿ ಹಂಚಲಾಯಿತು. ಒಂದೇ ಬೆಳ್ಳಿಯನ್ನು ಹಿಡಿದು ಎರಡು ವಿರುದ್ಧ ನಿರ್ಣಯಗಳಿಗೆ ಬಂದ ಇಬ್ಬರು ಒಂದೇ ವೇದಿಕೆಯ ಮೇಲೆ ಮೊದಲನೆಯ ಸಲ ಭೇಟಿಯಾದರು. ಗೋಲ್ಜಿಯು ತನ್ನ ಉಪನ್ಯಾಸದಲ್ಲಿ ನ್ಯೂರಾನ್ ವಾದವನ್ನೇ ಖಂಡಿಸಿ, ಬಲೆಯ ವಾದವನ್ನು ಎತ್ತಿಹಿಡಿದನು. ಮರುದಿನ ಕಹಾಲನು ತನ್ನ ಉಪನ್ಯಾಸದಲ್ಲಿ ತಾನು ಕಂಡ ಸಂಗತಿಗಳನ್ನು ಒಂದೊಂದಾಗಿ ಮುಂದಿಟ್ಟನು. ವಿಧಾನವನ್ನು ಕೊಟ್ಟವನೆಂಬ ಗೌರವವನ್ನು ಆತನು ಗೋಲ್ಜಿಗೆ ಸಲ್ಲಿಸದೆ ಇರಲಿಲ್ಲ. ದೀಪವನ್ನು ಹಚ್ಚಿದವನೇ ಆ ಬೆಳಕಿನಲ್ಲಿ ಮುಂದಿನ ವಸ್ತುವನ್ನು ಕಾಣದೆ ಹೋದುದು ಲೋಕದಲ್ಲಿ ಆಗಾಗ ನಡೆಯುವ ಸಂಗತಿಯೇ ಆಗಿದೆ. ಗೋಲ್ಜಿಯು 1926ರಲ್ಲಿ ತೀರಿಕೊಂಡನು; ತನ್ನ ಅಭಿಪ್ರಾಯವನ್ನು ಬಿಡಲಿಲ್ಲ.

ಶಿಷ್ಯನ ವಿಷಯ

ಗೋಲ್ಜಿಯ ಕುರುಡನ್ನು ಹೇಳಿದ ಮೇಲೆ ಕಹಾಲನ ಕುರುಡನ್ನು ಹೇಳದೆ ಬಿಡುವುದು ನ್ಯಾಯವಲ್ಲ. ಆತನ ಸುತ್ತ ತೇಯೊ, ಅಚೂಕರೊ, ದೆ ಕಾಸ್ತ್ರೊ, ಲೊರೆಂತೆ ದೆ ನೊ ಮೊದಲಾದ ಶಿಷ್ಯರ ಸಮುದಾಯವು ಬೆಳೆದಿದ್ದಿತು. ಅವರಲ್ಲಿ ಪೀಯೊ ದೆಲ್ ರಿಯೊ ಓರ್ತೇಗಾ ಎಂಬವನು ಸಿಲ್ವರ್ ಕಾರ್ಬೊನೇಟ್ ಎಂಬ ಬೆಳ್ಳಿಯ ಇನ್ನೊಂದು ಲವಣದಿಂದ ಹೊಸ ವಿಧಾನವನ್ನು ಮಾಡಿ, ನರಕೋಶಗಳ ನಡುವಿನ ಆಸರೆಯ ಅಂಗಾಂಶದಲ್ಲಿ ಗುರುವಿಗೆ ಕಾಣದಿದ್ದ ಎರಡು ಬಗೆಯ ಕೋಶಗಳನ್ನು 1919 ಮತ್ತು 1921ರಲ್ಲಿ ವಿವರಿಸಿದನು. ಎರಡನೆಯ ಬಗೆಯನ್ನು ಕಹಾಲನು ಕೂಡಲೇ ಒಪ್ಪಲಿಲ್ಲ; ಆತನ ಸ್ವಂತ ವಿಧಾನವು ಅದನ್ನು ತೋರಿಸುತ್ತಿರಲಿಲ್ಲ. ಮನಸ್ತಾಪಗಳು ಬೆಳೆದು 1920ರಲ್ಲಿಯೇ ಶಿಷ್ಯನು ಆ ಪ್ರಯೋಗಶಾಲೆಯನ್ನು ಬಿಡಬೇಕಾಗಿ ಬಂದಿದ್ದಿತು. ಕಾಲವು ಶಿಷ್ಯನ ಮಾತನ್ನು ಸತ್ಯವೆಂದು ತೋರಿಸಿತು. ಗೋಲ್ಜಿಯ ವಿಷಯದಲ್ಲಿ ತಾನು ಇದ್ದ ಸ್ಥಾನದಲ್ಲಿ ಈಗ ತನ್ನ ಶಿಷ್ಯನಿದ್ದನು. ಗೋಲ್ಜಿಯಿದ್ದ ಸ್ಥಾನದಲ್ಲಿ ತಾನಿದ್ದನು. ನರಕೋಶದ ಹೊದಿಕೆಯನ್ನು ದಾಟುವುದಕ್ಕಿಂತ ಮನಸ್ಸಿನ ಹೊದಿಕೆಯನ್ನು ದಾಟುವುದು ಕಷ್ಟವೆಂಬುದಕ್ಕೆ ಇಂಥ ಮಹಾತ್ಮನ ಬಾಳಿನಲ್ಲಿಯೂ ನಿದರ್ಶನವಿದೆ. ಆ ಮೇಲೆ ಇಬ್ಬರ ನಡುವೆ ಸ್ನೇಹವು ಪುನಃ ಕುದುರಿದುದು ಸಂತೋಷದ ಸಂಗತಿ.

ಕೊನೆಯ ದಿನಗಳು

1922ರಲ್ಲಿ 70 ವರ್ಷ ತುಂಬಲು ಕಹಾಲನು ಅಧ್ಯಾಪನದಿಂದ ನಿವೃತ್ತನಾದನು, ಕೆಲಸದಿಂದ ನಿವೃತ್ತನಾಗಲಿಲ್ಲ. 1930ರಲ್ಲಿ ಪತ್ನಿಯು ಕಾಲವಾದಳು. ಆ ದುಃಖವನ್ನು ನುಂಗಿ, ಕಿವಿ ಮಂದವಾಗಿ, ದೇಹ ಕುಗ್ಗಿದ್ದರೂ, ನ್ಯೂರಾನ್ ವಾದ ಮತ್ತು ಬಲೆಯ ವಾದಗಳ ಸಾಕ್ಷ್ಯಗಳನ್ನೆಲ್ಲ ತೂಗಿ ನೋಡುವ ಪ್ರಬಂಧವೊಂದನ್ನು 1933ರಲ್ಲಿ ಪ್ರಕಟಿಸಿದನು. ತನ್ನ ನಿಯಮಕ್ಕೆ ಅಪವಾದಗಳು ಎಲ್ಲಿಯಾದರೂ ಇರಬಹುದೆಂಬ ಸಾಧ್ಯತೆಯನ್ನು ಅದರಲ್ಲಿ ಮುಚ್ಚಿಡಲಿಲ್ಲ. 1934ನೆಯ ಇಸವಿ ಅಕ್ಟೋಬರ್ 17ನೆಯ ದಿನ ಮ್ಯಾಡ್ರಿಡ್ ನಗರದಲ್ಲಿ, 82ನೆಯ ವಯಸ್ಸಿನಲ್ಲಿ, ಈ ಕರ್ಮಯೋಗಿಯು ದೇಹವನ್ನು ಬಿಟ್ಟನು.

ಆತನು ಬೆಳಕಿನ ಸೂಕ್ಷ್ಮದರ್ಶಕದಿಂದ ನಿರ್ಣಯಿಸಿದುದನ್ನು ಪರೀಕ್ಷಿಸಲು ಸಾಕಾದಷ್ಟು ಬಲವುಳ್ಳ ಯಂತ್ರವು ಆತನ ಜೀವಿತಕಾಲದಲ್ಲಿ ಇರಲಿಲ್ಲ. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಬಂದಾಗ, ಒಂದು ನರಕೋಶದ ತುದಿಗೂ ಇನ್ನೊಂದರ ಮೈಗೂ ನಡುವೆ ಒಂದು ಮಿಲಿಮೀಟರಿನ 50,000 ಭಾಗಗಳಲ್ಲಿ ಒಂದರಷ್ಟು ತೆರಪು ಇರುವುದು ಸ್ಪಷ್ಟವಾಗಿ ಕಂಡಿತು. ಗೋಲ್ಜಿಯ ಪಕ್ಷವೂ ಸಂಪೂರ್ಣವಾಗಿ ಬರಿದಾಗಲಿಲ್ಲ: ಕೆಲವು ನರಕೋಶಗಳ ನಡುವೆ ನೇರವಾದ ಸಣ್ಣ ದ್ವಾರಗಳಿರುವುದು ಮುಂದೆ ಗೊತ್ತಾಯಿತು, ಸಮುದ್ರದಲ್ಲಿ ತೇಲುವ ಟೀನೋಫೋರ್ ಎಂಬ ಲೋಳೆಪ್ರಾಣಿಯೊಂದರ ಮರಿಯಲ್ಲಿ ನಿಜವಾಗಿಯೂ ಬೆಸೆದುಕೊಂಡ ನರದ ಬಲೆಯಿರುವುದು 2023ರಲ್ಲಿ ಪ್ರಕಟವಾಯಿತು. ನಿಯಮವು ಕಹಾಲನದು, ಅಪವಾದಕ್ಕೆ ಎಡೆಯನ್ನೂ ಆತನೇ ಬಿಟ್ಟಿದ್ದನು. ಆತನು ಬರೆದ ಸಾವಿರಾರು ಚಿತ್ರಗಳು ಸ್ಪೇನ್ ದೇಶದಲ್ಲಿ ಉಳಿದಿವೆ. ಆತನ ಮತ್ತು ಆತನ ಶಿಷ್ಯರ ಪತ್ರಸಂಗ್ರಹವನ್ನು ಯುನೆಸ್ಕೊ ಸಂಸ್ಥೆಯು 2017ರಲ್ಲಿ ಲೋಕದ ಸ್ಮೃತಿಸಂಪತ್ತಿನ ಪಟ್ಟಿಗೆ ಸೇರಿಸಿತು. ವೈದ್ಯವಿದ್ಯಾರ್ಥಿಗಳು ಇಂದಿಗೂ ಆ ಚಿತ್ರಗಳನ್ನು ನೋಡಿ ಕಲಿಯುತ್ತಾರೆ.

ವಿದ್ಯೆಯನ್ನು ಬಯಸುವ ತರುಣರು ಈ ಚರಿತ್ರೆಯಿಂದ ಗ್ರಹಿಸತಕ್ಕ ಅಂಶಗಳು ಹಲವು ಇವೆ. ಅವುಗಳಲ್ಲಿ ಒಂದನ್ನು ಹೇಳಿ ಈ ಲೇಖನವನ್ನು ಮುಗಿಸುತ್ತೇವೆ. ಕಹಾಲನಿಗೆ ದೊರೆತ ವಿಧಾನವು ಆತನದಲ್ಲ. ಅದು ಹದಿನಾಲ್ಕು ವರ್ಷ ಎಲ್ಲರ ಕಣ್ಣ ಮುಂದೆಯೇ ಬಿದ್ದಿದ್ದಿತು. ಬೆಳೆದು ಬಲಿತ ಮೆದುಳಿನ ತೊಡಕಿನೊಡನೆ ಇತರರು ಹೆಣಗುತ್ತಿದ್ದಾಗ, ಆತನು ಮೊಟ್ಟೆಯೊಳಗಿನ ಮರಿಯ ಬಳಿಗೆ ಹೋದನು. ಮೊದಲಿನಿಂದ ಮೊದಲುಮಾಡಿ, ಒಂದು ಎಳೆಯನ್ನು ಹಿಡಿದು, ಅದರ ಕೊನೆಯು ಕಾಣುವವರೆಗೆ ಬಿಡಲಿಲ್ಲ. ಹಿರಿಯನಾದ ಕೋಲಿಕರನು ಕಂಡುದನ್ನು ಕಂಡಂತೆ ಒಪ್ಪಿಕೊಂಡನು. ಆ ಒಬ್ಬನ ಹಟ ಮತ್ತು ಈ ಒಬ್ಬನ ವಿನಯ ಕೂಡಿದಾಗ ವಿದ್ಯೆಯು ಒಂದು ಹೆಜ್ಜೆ ಮುಂದಕ್ಕೆ ನಡೆಯಿತು.